ಭೋಪಾಲದ ನೆಲದಡಿಯ ವಿಷ

2025ರ ಜೂನ್ ಕೊನೆಯ ಹೊತ್ತಿಗೆ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ 337 ಟನ್ ತ್ಯಾಜ್ಯ ಮಧ್ಯಪ್ರದೇಶದ ಕೈಗಾರಿಕಾ ಪಟ್ಟಣ ಪೀಥಂಪುರದಲ್ಲಿ ಸುಟ್ಟು ಮುಗಿಯಿತು. ಭೋಪಾಲಕ್ಕೆ ಅಂಟಿದ್ದ ವಿಷ ತೊಲಗಿತು ಎಂದು ಹಲವರು ನಂಬಿದ್ದಾರೆ. ಅಂತರ್ಜಲ ಮಾಲಿನ್ಯದ ಕೆಲಸದಲ್ಲಿರುವ ನಾನು ಇದನ್ನು ಒಪ್ಪಲಾರೆ. ಸುಟ್ಟಿದ್ದು ಕಾರ್ಖಾನೆಯಲ್ಲಿ ಮೂಟೆ ಕಟ್ಟಿಟ್ಟಿದ್ದ ತ್ಯಾಜ್ಯ ಮಾತ್ರ. ಅಲ್ಲಿ ಕೆಟ್ಟಿರುವ ಮಣ್ಣೇ ಸುಮಾರು 11 ಲಕ್ಷ ಟನ್ ಎಂದು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) 2010ರಲ್ಲಿ ಅಂದಾಜಿಸಿತ್ತು.

1984ರ ಡಿಸೆಂಬರ್ 2ರ ರಾತ್ರಿಯ ಅನಿಲ ಸೋರಿಕೆ ಎಲ್ಲರಿಗೂ ಗೊತ್ತು. ನೀರು ಕೆಡಲು ಶುರುವಾದದ್ದು ಅದಕ್ಕೂ ಮೊದಲು. ಕೀಟನಾಶಕ ತಯಾರಿಕೆಯ ತ್ಯಾಜ್ಯವನ್ನು ಆವರಣದೊಳಗಿನ ಗುಂಡಿಗಳಿಗೆ ಸುರಿಯುತ್ತಿದ್ದರು. 1977ರಿಂದ ದ್ರವ ತ್ಯಾಜ್ಯವನ್ನು ಹೊರಗಿನ ಕೊಳಗಳಲ್ಲಿ ತುಂಬಿ ಬಿಸಿಲಿಗೆ ಆವಿಯಾಗಿಸುತ್ತಿದ್ದರು. ಆ ಕೊಳಗಳು ಸೋರುತ್ತಿರುವುದು 1982ರಲ್ಲೇ ಕಂಪನಿಗೆ ತಿಳಿದಿತ್ತು. ಅದರದೇ ಟೆಲೆಕ್ಸ್ ಸಂದೇಶ ಅದಕ್ಕೆ ಸಾಕ್ಷಿ.

ಆ ತ್ಯಾಜ್ಯದಲ್ಲಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್, ಕ್ಲೋರೋಫಾರ್ಮ್, ಡೈಕ್ಲೋರೋಬೆಂಜೀನ್ ಎಂಬ ರಾಸಾಯನಿಕಗಳೆಲ್ಲ ನೀರಿಗಿಂತ ಭಾರ. ಎಣ್ಣೆಯಂತೆ ತೇಲದೆ ಕೆಳಗಿಳಿದು ಬಂಡೆಯ ಬಿರುಕಿನಲ್ಲಿ ಕೂರುತ್ತವೆ. ಅಲ್ಲಿಂದ ಹರಿಯುವ ಅಂತರ್ಜಲಕ್ಕೆ ಚೂರುಚೂರೇ ಕರಗುತ್ತಾ ದಶಕಗಟ್ಟಲೆ ಉಳಿಯುತ್ತವೆ. ಹಾಗಾಗಿ ಕಾರ್ಖಾನೆ ಮುಚ್ಚಿದರೂ ಮಾಲಿನ್ಯ ನಿಲ್ಲುವುದಿಲ್ಲ. ಇಂಥ ಕೈಪಂಪಿನ ನೀರು ನೋಡಲು ತಿಳಿಯಾಗಿಯೇ ಇರಬಹುದು. ಕುದಿಸಿದರೆ ರೋಗಾಣು ಸಾಯುತ್ತವೆ, ನೀರಿನಲ್ಲಿ ಸೀಸದಂಥ ಭಾರಲೋಹವೂ ಇದ್ದರೆ ಅದು ಹೋಗುವುದಿಲ್ಲ.

ಆ ನೀರು ಕುಡಿದವರು ಯಾರು? ಕಾರ್ಖಾನೆಯ ಗೋಡೆಗೆ ಒತ್ತಿಕೊಂಡ ಬಸ್ತಿಗಳ, ಅಂದರೆ ಬಡವರ ಕೇರಿಗಳ, ಕೂಲಿಕಾರರು. ಅವರಲ್ಲಿ ಹಲವರು ದುರಂತದ ನಂತರ ಬಂದು ನೆಲೆಸಿದವರು. 1989ರ 47 ಕೋಟಿ ಡಾಲರ್ ಒಪ್ಪಂದ ಅನಿಲಪೀಡಿತರಿಗಾಗಿ ಆದದ್ದು, ನೀರಿನಿಂದ ನರಳಿದವರಿಗೆ ಅದರಲ್ಲಿ ಜಾಗವಿರಲಿಲ್ಲ. ಅವರ ಅಳಲನ್ನೂ ಹೊತ್ತು ನಡೆದವರು ಅನಿಲಪೀಡಿತರೇ ಎಂಬುದು ನನಗೆ ಈ ಹೋರಾಟದ ಅತಿ ದೊಡ್ಡ ಸಂಗತಿ. ಅವರ ಪೈಕಿ ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಅವರಿಗೆ 2004ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಅದೇ ವರ್ಷ ಈ ಬಸ್ತಿಗಳಿಗೆ ಶುದ್ಧ ನೀರು ಕೊಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಆಮೇಲೂ ನೀರಿಗಾಗಿ ಅವರು 2006ರಲ್ಲಿ ದೆಹಲಿಯವರೆಗೆ ಕಾಲ್ನಡಿಗೆಯಲ್ಲಿ ಹೋಗಬೇಕಾಯಿತು.

ನಲ್ಲಿ ನೀರು ಬಂದರೆ ಜನ ಬದುಕುತ್ತಾರೆ, ಮೂಲ ಮಾತ್ರ ನೆಲದಲ್ಲೇ ಉಳಿಯುತ್ತದೆ. ಕೇವಲ 337 ಟನ್ ಬಂದಾಗಲೇ ಪೀಥಂಪುರದವರು ಬೀದಿಗಿಳಿದರು, ಅವರ ಭಯ ನ್ಯಾಯವಾದದ್ದು. 11 ಲಕ್ಷ ಟನ್ ಮಣ್ಣನ್ನು ಇನ್ನೊಂದು ಊರಿಗೆ ಸಾಗಿಸುವ ಮಾತೇ ಬೇಡ. ಮೊದಲು ವಿಷ ಎಷ್ಟು ಆಳ, ಎಷ್ಟು ದೂರ ಹರಡಿದೆಯೆಂದು ಪರೀಕ್ಷಾ ಕೊಳವೆಬಾವಿ ಕೊರೆದು ನಕ್ಷೆ ಮಾಡಬೇಕು. ಆಮೇಲೆ ಮಣ್ಣಿಗೂ ನೀರಿಗೂ ಅಲ್ಲೇ ಚಿಕಿತ್ಸೆಯಾಗಬೇಕು. ಖರ್ಚನ್ನು ಕೆಡಿಸಿದವರೇ ಕೊಡಬೇಕು. 2001ರಲ್ಲಿ ಯೂನಿಯನ್ ಕಾರ್ಬೈಡನ್ನು ಕೊಂಡ ಡೌ ಕೆಮಿಕಲ್ ಆ ಹೊಣೆ ತನ್ನದಲ್ಲ ಎನ್ನುತ್ತಲೇ ಬಂದಿದೆ.