ಹಳೆಯ ಮಾನಿಟರಿನ ಹಳದಿ ಕವಚಕ್ಕೆ ಹೊಸ ಬಣ್ಣ

ತೊಂಬತ್ತರ ದಶಕದ ದಪ್ಪ ಮಾನಿಟರುಗಳು ಈಗಲೂ ಅಲ್ಲಲ್ಲಿ ಕಾಣಸಿಗುತ್ತವೆ. ಕೊಂಡಾಗ ತಿಳಿಬೂದು ಅಥವಾ ಕೆನೆಬಣ್ಣದ್ದಾಗಿದ್ದ ಅವುಗಳ ಕವಚ ಬಹುಪಾಲು ಹಳದಿಗೆ ತಿರುಗಿರುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಆ ಹಳದಿ ಹೋಗುವುದಿಲ್ಲ; ಪ್ಲಾಸ್ಟಿಕ್ಕಿನ ಮೇಲ್ಪದರವೇ ರಾಸಾಯನಿಕವಾಗಿ ಬದಲಾಗಿರುತ್ತದೆ. ಕವಚಕ್ಕೆ ಹೊಸದಾಗಿ ಬಣ್ಣ ಹೊಡೆಯಲು ಹೊರಟವರು ಮೊದಲು ತಿಳಿದುಕೊಳ್ಳಬೇಕಾದದ್ದು ಈ ಮೇಲ್ಪದರದ ಸ್ವಭಾವವನ್ನು.

ಕವಚದ ಒಳಬದಿಯನ್ನು ನೋಡಿದರೆ ಸಾಮಾನ್ಯವಾಗಿ ‘ಎಬಿಎಸ್’ ಎಂಬ ಅಚ್ಚು ಕಾಣುತ್ತದೆ. ಅಕ್ರಿಲೋನೈಟ್ರೈಲ್, ಬ್ಯೂಟಡೈಯೀನ್ ಮತ್ತು ಸ್ಟೈರೀನ್ ಎಂಬ ಮೂರು ಘಟಕಗಳಿಂದಾದ ಪ್ಲಾಸ್ಟಿಕ್ ಇದು. ಬ್ಯೂಟಡೈಯೀನ್ ಇದರೊಳಗೆ ಸೂಕ್ಷ್ಮ ರಬ್ಬರ್ ಕಣಗಳ ರೂಪದಲ್ಲಿ ಹರಡಿಕೊಂಡಿದ್ದು, ಬಿದ್ದರೂ ಒಡೆಯದ ಗಟ್ಟಿತನವನ್ನು ಕವಚಕ್ಕೆ ಕೊಡುತ್ತದೆ. ಆದರೆ ಬಿಸಿಲಿನ ನೇರಳಾತೀತ ಕಿರಣಗಳಿಗೂ ಗಾಳಿಯ ಆಮ್ಲಜನಕಕ್ಕೂ ಮೊದಲು ಬಲಿಯಾಗುವುದು ಈ ರಬ್ಬರೇ, ಏಕೆಂದರೆ ಅದರ ಸರಪಳಿಯಲ್ಲಿರುವ ಜೋಡಿಬಂಧಗಳು ಆಮ್ಲಜನಕದೊಡನೆ ಸುಲಭವಾಗಿ ವರ್ತಿಸುತ್ತವೆ. ಬೆಂಕಿ ಹಬ್ಬದಿರಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳೂ ಹಳದಿಯಾಗುವುದಕ್ಕೆ ತಮ್ಮ ಪಾಲು ಸೇರಿಸುತ್ತವೆ. ಅಚ್ಚಿನಲ್ಲಿ ಎಬಿಎಸ್ ಜೊತೆಗೆ ‘ಎಫ್‌ಆರ್ (17)’ ಎಂದಿದ್ದರೆ (ಎಫ್‌ಆರ್ ಎಂದರೆ ಫ್ಲೇಮ್ ರಿಟಾರ್ಡೆಂಟ್, ಬೆಂಕಿ ನಿರೋಧಕ), ಬ್ರೋಮಿನ್ ಸಂಯುಕ್ತದ ಜೊತೆ ಆಂಟಿಮನಿ ಸಂಯುಕ್ತವೂ ಅದರಲ್ಲಿದೆ ಎಂದರ್ಥ. ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಟ್ಟು ಹಳದಿಯನ್ನು ತೆಗೆಯುವ ವಿಧಾನವೂ ಬಳಕೆಯಲ್ಲಿದೆ. ಅದರಿಂದ ಬಣ್ಣ ತಿಳಿಯಾಗುವುದು ನಿಜ, ಆದರೆ ರಬ್ಬರು ಕಳೆದುಕೊಂಡ ಗಟ್ಟಿತನ ಮರಳುವುದಿಲ್ಲ, ಹಳದಿಯೂ ಎಷ್ಟೋ ಸಲ ಮತ್ತೆ ಬರುತ್ತದೆ. ಟೈಟಾನಿಯಂ ಡೈಆಕ್ಸೈಡ್ ಇರುವ ಬಿಳಿ ಅಥವಾ ಕೆನೆಬಣ್ಣದ ಪೇಂಟು ನೇರಳಾತೀತ ಕಿರಣಗಳನ್ನೇ ತಡೆಯುವುದರಿಂದ, ತೀರಾ ಕೆಟ್ಟ ಕವಚಕ್ಕೆ ಪೇಂಟೇ ಮೇಲೆಂಬುದು ನನ್ನ ಅಭಿಪ್ರಾಯ.

ಕೆಲಸ ಶುರುವಾಗುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಇಂಥ ಮಾನಿಟರಿನ ಚಿತ್ರನಳಿಕೆ ಸುಮಾರು 25,000 ವೋಲ್ಟ್‌ಗಳಲ್ಲಿ ಕೆಲಸ ಮಾಡುತ್ತದೆ. ಗಾಜಿನ ಒಳಹೊರಗಿನ ವಾಹಕ ಲೇಪನಗಳು ಸೇರಿ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರಿನಂತೆ ವರ್ತಿಸುವುದರಿಂದ, ಪ್ಲಗ್ ಕಿತ್ತು ಬಹಳ ಹೊತ್ತಾದ ಮೇಲೂ ಅದರಲ್ಲಿ ವಿದ್ಯುದಾವೇಶ ಉಳಿದಿರಬಹುದು. ಹಳೆಯ ಟಿವಿ ರಿಪೇರಿ ಬಲ್ಲವರಿಂದಲೇ ಕವಚವನ್ನು ಬಿಚ್ಚಿಸುವುದು ಸರಿ.

ಪೇಂಟು ಅಂಟಿಕೊಳ್ಳುವುದು ತನ್ನ ಕೆಳಗಿರುವ ಮೊದಲ ಪದರಕ್ಕೆ ಮಾತ್ರ. ಆ ಪದರ ಆಕ್ಸಿಡೀಕರಣದಿಂದ ಹುಡಿಹುಡಿಯಾಗಿದ್ದರೆ, ಎಷ್ಟೇ ದುಬಾರಿ ಪೇಂಟು ತಂದರೂ ಒಂದು ದಿನ ಆ ಹುಡಿಯನ್ನೂ ಕಟ್ಟಿಕೊಂಡು ಸಿಪ್ಪೆಯಂತೆ ಎದ್ದುಬರುತ್ತದೆ. ಆದ್ದರಿಂದ ಸವೆದ ಪದರವನ್ನು 400ರಿಂದ 600ರ ನಂಬರಿನ ವಾಟರ್ ಪೇಪರಿನಿಂದ (ನೀರಿನೊಡನೆ ಬಳಸುವ ಉಜ್ಜುಕಾಗದ), ನೀರು ಹಾಕಿಕೊಂಡೇ ಉಜ್ಜಿ ತೆಗೆಯಬೇಕು. ಬ್ರೋಮಿನ್, ಆಂಟಿಮನಿ ಸೇರಿದ ಧೂಳು ಉಸಿರಿಗೆ ಹೋಗದಿರಲು ಇದೇ ಒಳ್ಳೆಯ ದಾರಿ. ಕವಚವನ್ನು ಅಚ್ಚಿನಲ್ಲಿ ತಯಾರಿಸಿದಾಗ ಮೈಮೇಲೆ ಬಂದ ನವಿರು ತರಿ ಇದರಿಂದ ಅಳಿಸಿಹೋಗುತ್ತದೆ, ನಿಜ. ಆದರೂ ಬಾಳಿಕೆಗಾಗಿ ಆ ನಷ್ಟವನ್ನು ಒಪ್ಪಿಕೊಳ್ಳುವುದೇ ಲೇಸು. ಉಜ್ಜಿದ ಮೇಲೆ ಸೋಪುನೀರಿನಿಂದ ತೊಳೆದು, ಮೇಲೆ ಶುದ್ಧ ನೀರು ಸುರಿದು ನೋಡಬೇಕು. ನೀರು ತೆಳುಪೊರೆಯಾಗಿ ಎಲ್ಲೆಡೆ ಒಂದೇ ಸಮನೆ ನಿಂತರೆ ಮೈ ಶುಚಿಯಾಗಿದೆ. ಎಲ್ಲಾದರೂ ಪೊರೆ ಹರಿದು ಹನಿಗಳಾಗಿ ಸರಿದರೆ ಅಲ್ಲಿ ಜಿಡ್ಡೋ ಸಿಲಿಕೋನ್ ಪಾಲಿಶೋ ಉಳಿದಿದೆ. ಅಂಥ ಕಡೆ ಪೇಂಟು ನಿಲ್ಲದೆ ಗುಂಡುಗುಂಡಾಗಿ ಬಿಟ್ಟುಕೊಳ್ಳುತ್ತದೆ. ಕೊನೆಯಲ್ಲಿ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು.

ಅಸಿಟೋನನ್ನಾಗಲಿ ನೇಲ್ ಪಾಲಿಶ್ ರಿಮೂವರನ್ನಾಗಲಿ ಹತ್ತಿರ ತರಬಾರದು, ಏಕೆಂದರೆ ಅಸಿಟೋನ್ ಎಬಿಎಸ್ಸನ್ನು ಕರಗಿಸುತ್ತದೆ. ಸ್ವಾರಸ್ಯವೆಂದರೆ, ಪೇಂಟು ಗಟ್ಟಿಯಾಗಿ ಹಿಡಿದುಕೊಳ್ಳುವುದಕ್ಕೂ ಈ ಕರಗುವ ಗುಣವೇ ನೆರವಾಗುತ್ತದೆ. ಬಣ್ಣಕ್ಕೂ ಮೊದಲು ಹೊಡೆಯುವ ಪ್ಲಾಸ್ಟಿಕ್ ಪ್ರೈಮರಿನ ದ್ರಾವಕ ಮೇಲ್ಮೈಯನ್ನು ಕೂದಲೆಳೆಯಷ್ಟೂ ದಪ್ಪವಿಲ್ಲದ ಪದರದಲ್ಲಿ ಮೆದುವಾಗಿಸಿ, ತನ್ನ ರಾಳವನ್ನು ಅದರೊಳಗೆ ಹೆಣೆದು ಆರಿಹೋಗುತ್ತದೆ. ಅದೇ ದ್ರಾವಕ ದಪ್ಪ ಕೋಟಿನಲ್ಲಿ ಬಹುಹೊತ್ತು ನಿಂತರೆ, ಕವಚವನ್ನು ಅಚ್ಚಿನಲ್ಲಿ ತಯಾರಿಸುವಾಗಲೇ ಒಳಗೆ ಉಳಿದ ಬಿಗುವಿನ ಜಾಗಗಳಲ್ಲಿ, ವಿಶೇಷವಾಗಿ ಮೂಲೆಗಳಲ್ಲೂ ಸ್ಕ್ರೂ ರಂಧ್ರಗಳ ಸುತ್ತಲೂ, ಸಣ್ಣ ಬಿರುಕುಗಳನ್ನು ಎಬ್ಬಿಸುತ್ತದೆ. ಹಾಗಾಗಿ ಪ್ರೈಮರನ್ನೂ ಬಣ್ಣವನ್ನೂ ತೆಳು ಕೋಟುಗಳಲ್ಲಿ, ನಡುವೆ ಆರಲು ಬಿಟ್ಟು ಹೊಡೆಯಬೇಕು. ಕರಾವಳಿಯಲ್ಲೋ ಮಲೆನಾಡಿನಲ್ಲೋ ಮಳೆಗಾಲದಲ್ಲಿ ಈ ಕೆಲಸ ಬೇಡ. ಪೇಂಟಿನ ದ್ರಾವಕವಾದ ತಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಹೊಳೆಯಬೇಕಾದ ಬಣ್ಣ ಬಿಳಿಚಿಕೊಳ್ಳುತ್ತದೆ.

ಬೇಗ ಒಣಗಲೆಂದು ಒಲೆಯ ಶಾಖವನ್ನೂ ಕೊಡಬಾರದು. ಲೋಹದ ಮೇಲಿನ ಪೌಡರ್ ಕೋಟಿಂಗಿಗೆ ಬೇಕಾಗುವ 180 ಡಿಗ್ರಿ ಸೆಲ್ಸಿಯಸ್ ಅತ್ತ ಇರಲಿ, ಸುಮಾರು 100 ಡಿಗ್ರಿಯ ಆಸುಪಾಸಿನಲ್ಲೇ ಎಬಿಎಸ್ ಮೆತ್ತಗಾಗಿ ಸೊಟ್ಟಗಾಗುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗಲು ಅರ್ಧ ಗಂಟೆ ಸಾಕಾದರೂ, ಒಳಗಿನ ದ್ರಾವಕ ಹೊರಬಂದು ಪದರ ಪೂರ್ತಿ ಗಟ್ಟಿಯಾಗಲು ಹಲವು ದಿನಗಳೇ ಬೇಕು. ಅವಸರಪಟ್ಟು ಕವಚವನ್ನು ಜೋಡಿಸಿ ಸ್ಕ್ರೂ ಬಿಗಿದರೆ ಅದರ ತಲೆ ಬಣ್ಣದೊಳಗೆ ಹೂತುಕೊಳ್ಳುತ್ತದೆ. ಮುಂದೆ ಬಿಚ್ಚುವಾಗ ಸುತ್ತಲಿನ ಬಣ್ಣವನ್ನೂ ಕಿತ್ತುಕೊಂಡೇ ಬರುತ್ತದೆ.