ಲಿಂಗನಮಕ್ಕಿಯ ದಡದಲ್ಲಿ ಹಿಮನದಿಯ ಲೆಕ್ಕ

ಮೇ ತಿಂಗಳು ಬಂತೆಂದರೆ ನಮ್ಮ ಸಾಗರದ ಕಡೆ ಶರಾವತಿ ಹಿನ್ನೀರು ಇಳಿಯುತ್ತಾ ಹೋಗುತ್ತದೆ. ಮುಳುಗಡೆಯಾದ ಹಳೇ ರಸ್ತೆ, ಒಣಗಿದ ಮರದ ಬೊಡ್ಡೆಗಳು ಒಂದೊಂದಾಗಿ ಮೇಲೆ ಬರುತ್ತವೆ. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೇ ಅಣೆಕಟ್ಟೂ ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಮುಳುಗಿದ್ದು ಅದು. "ಈ ಸಲ ನೀರು ಎಷ್ಟು ಹಿಂದೆ ಹೋಗಿದೆ ನೋಡಿ" ಅಂತ ಜನ ಮಾತಾಡಿಕೊಳ್ಳುತ್ತಾರೆ.

ಆದರೆ ನೀರು ಎಷ್ಟು ಹಿಂದೆ ಹೋಯಿತು ಅನ್ನುವುದು ದಡ ಹೇಗಿದೆ ಅನ್ನುವುದರ ಮೇಲಿದೆ, ಅಲ್ವಾ? ಕಡಿದಾದ ಗುಡ್ಡದ ಪಕ್ಕ ಹತ್ತಡಿ ನೀರು ಇಳಿದರೂ ಅಂಚು ನಾಲ್ಕು ಹೆಜ್ಜೆ ಸರಿದಿರುತ್ತದೆ, ಅಷ್ಟೇ. ಹಿಂದೆ ಗದ್ದೆಯಾಗಿದ್ದ ಬಯಲಲ್ಲಿ ಅದೇ ಹತ್ತಡಿಗೆ ನೀರು ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತದೆ. ಅಂಚು ಒಂದು ಲೆಕ್ಕ, ಆಳ ಇನ್ನೊಂದು ಲೆಕ್ಕ.

ಹಿಮಾಲಯದ ಹಿಮನದಿಗಳ ಸುದ್ದಿ ಬಂದಾಗೆಲ್ಲ ನನಗೆ ಇದೇ ನೆನಪಾಗುತ್ತದೆ. ಮೂತಿ, ಅಂದರೆ ಹಿಮನದಿಯ ಕೆಳತುದಿ, ಇಷ್ಟು ಮೀಟರ್ ಹಿಂದೆ ಸರಿಯಿತು ಅಂತ ಬರೆಯುತ್ತಾರೆ. ಅದು ಬರೀ ಅಂಚಿನ ಮಾತು.

ಅಂಚನ್ನು ಮೇಲಿನಿಂದ ನೋಡುವ ಕೆಲಸ 1972ರಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದಿಂದ ಶುರುವಾಯಿತು. ಅದರ ಚಿತ್ರದ ಒಂದು ಚುಕ್ಕಿಯಲ್ಲಿ ಒಂದು ಎಕರೆಗೂ ಜಾಸ್ತಿ ನೆಲ ಅಡಗಿರುತ್ತಿತ್ತು. ಎಂಬತ್ತರ ದಶಕದ ಲ್ಯಾಂಡ್‌ಸ್ಯಾಟ್‌ಗಳಲ್ಲಿ ಚುಕ್ಕಿಯ ಅಗಲ 30 ಮೀಟರ್‌ಗೆ ಇಳಿಯಿತು, ಅಂದರೆ ಸುಮಾರು 9 ಗುಂಟೆ. 2015ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-2ರ ಚುಕ್ಕಿ ಹತ್ತು ಮೀಟರ್ ಅಗಲದ್ದು. ಹೆಚ್ಚುಕಡಿಮೆ 1 ಗುಂಟೆ. ಒಂದು ಹಿಮನದಿ ವರ್ಷಕ್ಕೆ 20 ಮೀಟರ್ ಹಿಂದೆ ಸರಿಯುತ್ತಿದೆ ಅಂದುಕೊಳ್ಳಿ. 9 ಗುಂಟೆಯ ಚುಕ್ಕಿಯಲ್ಲಿ ಒಂದು ವರ್ಷದ ವ್ಯತ್ಯಾಸ ಸರಿಯಾಗಿ ಸಿಗುವುದೇ ಇಲ್ಲ. ಹತ್ತು ವರ್ಷದ ಚಿತ್ರಗಳನ್ನು ಒಟ್ಟಿಗೆ ಇಟ್ಟಾಗ ಸಿಗುತ್ತದೆ. ಹಾಗಾಗಿ ಹಳೇ ಚಿತ್ರಗಳಿಗೆ ಅಷ್ಟು ಬೆಲೆ. 2008ರಿಂದ ಲ್ಯಾಂಡ್‌ಸ್ಯಾಟ್‌ನ ಸಂಗ್ರಹವೆಲ್ಲ ಪುಕ್ಕಟೆ, ಯಾರು ಬೇಕಾದರೂ ತೆಗೆದು ನೋಡಬಹುದು.

ಹಿಮವೂ ಬೆಳ್ಳಗೆ, ಮೋಡವೂ ಬೆಳ್ಳಗೆ. ಬೇರೆ ಮಾಡುವುದು ಹೇಗೆ? ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಒಂದು ಪಟ್ಟಿಯನ್ನು ಹಿಮ ಹೆಚ್ಚುಕಡಿಮೆ ಪೂರ್ತಿ ನುಂಗಿಬಿಡುತ್ತದೆ. ಆ ಪಟ್ಟಿಯಲ್ಲಿ ತೆಗೆದ ಚಿತ್ರದಲ್ಲಿ ಹಿಮ ಕಪ್ಪಗೆ, ಮೋಡ ಬೆಳ್ಳಗೆ. ಹಸಿರು ಬೆಳಕಿನ ಚಿತ್ರವನ್ನು ಇದರ ಜೊತೆ ಹೋಲಿಸಿದರೆ ಹಿಮದ ಗಡಿ ಎದ್ದು ಬರುತ್ತದೆ. ಬಣ್ಣದ ಪಟ್ಟಿ ಬದಲಿಸಿಕೊಂಡರೆ ಇದೇ ಉಪಾಯದಿಂದ ಲಿಂಗನಮಕ್ಕಿಯ ನೀರಿನ ಅಂಚನ್ನೂ ಎಳೆಯಬಹುದು. ನಾನು ಎಳೆದು ನೋಡಿದ್ದೇನೆ. ನಾನು ನಿಂತ ದಡ ಪರದೆಯ ಮೇಲೆ ಗೆರೆಯಾಗಿ ಮೂಡಿದಾಗ ತುಂಬಾ ಖುಷಿಯಾಯಿತು.

ಎಡವುವುದು ತಾರೀಖಿನಲ್ಲಿ. ಒಂದು ವರ್ಷದ ಅಕ್ಟೋಬರ್, ಇನ್ನೊಂದು ವರ್ಷದ ಮೇ ತಿಂಗಳ ಲಿಂಗನಮಕ್ಕಿಯನ್ನು ಪಕ್ಕಪಕ್ಕ ಇಟ್ಟರೆ ಜಲಾಶಯವೇ ಬತ್ತಿಹೋಯಿತು ಅನ್ನಿಸುತ್ತದೆ. ಹಿಮನದಿಯಲ್ಲೂ ಹಾಗೇ. ನಿನ್ನೆ ಬಿದ್ದ ತೆಳು ಹಿಮವೂ ಬೆಳ್ಳಗೇ ಕಾಣುತ್ತದೆ, ಆದರೆ ಅದು ಹಿಮನದಿಯಲ್ಲ. ಆದ್ದರಿಂದ ಬೇಸಿಗೆಯ ಕರಗುವಿಕೆ ಮುಗಿದು ಹೊಸ ಹಿಮ ಬೀಳುವ ಮುಂಚಿನ ಚಿತ್ರವೇ ಬೇಕು. ಆ ಹೊತ್ತಿಗೆ ಹಿಮಾಲಯದ ಬಹಳ ಭಾಗಕ್ಕೆ ಮುಂಗಾರಿನ ಮೋಡ ಕವಿದಿರುತ್ತದೆ. ವರ್ಷಕ್ಕೆ ಒಂದೆರಡು ಶುಭ್ರ ಚಿತ್ರ ಸಿಕ್ಕರೆ ಪುಣ್ಯ. ಜುಲೈಯಲ್ಲಿ ಆಗುಂಬೆಯ ಉಪಗ್ರಹ ಚಿತ್ರ ಹುಡುಕಿದವರಿಗೆ ಈ ಕಷ್ಟ ಗೊತ್ತು.

ಇನ್ನೊಂದು ತೊಡಕು ಕಲ್ಲಿನದು. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ಕೆಳಭಾಗ ಕಲ್ಲುಮಣ್ಣಿನಿಂದ ಮುಚ್ಚಿಹೋಗಿದೆ. ಉಪಗ್ರಹಕ್ಕೆ ಅಲ್ಲಿ ಕಾಣುವುದು ಗುಡ್ಡದಂಥ ಗುಡ್ಡ. ತೋಟಕ್ಕೆ ದರಕನ್ನು, ಅಂದರೆ ಒಣಗಿದ ಎಲೆಗಳನ್ನು, ದಪ್ಪಗೆ ಹೊದಿಸಿದರೆ ಕೆಳಗಿನ ಮಣ್ಣಿಗೆ ಬಿಸಿಲು ತಾಗುವುದಿಲ್ಲ. ದಪ್ಪನೆಯ ಕಲ್ಲಿನ ಹೊದಿಕೆಯೂ ಮಂಜುಗಡ್ಡೆಯನ್ನು ಹಾಗೇ ಕಾಪಾಡುತ್ತದೆ. ಬರೀ ಧೂಳಿನ ತೆಳು ಪದರವಾದರೆ ತಿರುಗುಮುರುಗು: ಬಿಸಿಲು ಹೀರಿ ಇನ್ನೂ ಬೇಗ ಕರಗಿಸುತ್ತದೆ. ಕಲ್ಲು ಮುಚ್ಚಿದ ಹಿಮನದಿಯನ್ನು ಗುರುತಿಸುವುದಕ್ಕೆ ಅದರ ಚಲನೆ ನೋಡುತ್ತಾರೆ. ಕೆಳಗಿನ ಮಂಜು ನಿಧಾನಕ್ಕೆ ಜಾರುತ್ತಿರುತ್ತದೆ, ಮೇಲಿನ ಬಂಡೆಗಳೂ ಅದರ ಜೊತೆ ಸಾಗುತ್ತವೆ. ಪಕ್ಕದ ಗುಡ್ಡದ ಬಂಡೆ ಇದ್ದಲ್ಲೇ ಇರುತ್ತದೆ. ಇಂಥ ಹಿಮನದಿಯ ಮೂತಿ ಹೆಚ್ಚು ಸರಿಯದಿದ್ದರೂ ಮೈ ಒಳಗೊಳಗೇ ಸೊರಗುತ್ತಿರಬಹುದು.

ಹಾಗಾಗಿ ಆಳದ ಲೆಕ್ಕವೇ ಬೇಕು. ಅದಕ್ಕೆ ನೆರವಾದದ್ದು ಬೇಹುಗಾರಿಕೆಯ ಚಿತ್ರಗಳು! ಎಪ್ಪತ್ತರ ದಶಕದಲ್ಲಿ ಅಮೆರಿಕದ ಹೆಕ್ಸಾಗನ್ ಉಪಗ್ರಹಗಳು ಫಿಲ್ಮಿನಲ್ಲಿ ಫೋಟೋ ತೆಗೆದು, ಸುರುಳಿಯನ್ನು ಪ್ಯಾರಾಶೂಟ್ ಕಟ್ಟಿ ಕೆಳಗೆ ಬಿಡುತ್ತಿದ್ದವು. ವಿಮಾನಗಳು ಅದನ್ನು ಗಾಳಿಯಲ್ಲೇ ಹಿಡಿಯುತ್ತಿದ್ದವು. ಗುಟ್ಟು ಬಿಟ್ಟುಕೊಟ್ಟ ಮೇಲೆ ಆ ಚಿತ್ರಗಳು ವಿಜ್ಞಾನಿಗಳ ಕೈಗೆ ಬಂದವು. ಒಂದೇ ಜಾಗವನ್ನು ಎರಡು ಕೋನದಿಂದ ತೆಗೆದ ಚಿತ್ರಗಳಿದ್ದರೆ, ನಮ್ಮ ಎರಡು ಕಣ್ಣು ದೂರ ಅಳೆಯುವ ಹಾಗೆ, ನೆಲದ ಎತ್ತರ ಲೆಕ್ಕ ಹಾಕಬಹುದು. ಜೋಶುವಾ ಮೌರರ್ ಮತ್ತು ಸಂಗಡಿಗರು ಹಿಮಾಲಯದ ಉದ್ದಕ್ಕೂ 2000 ಕಿಲೋಮೀಟರ್ ಹರಡಿದ 650 ಹಿಮನದಿಗಳನ್ನು ಹೀಗೆ ಅಳೆದು, ಆ ಹಳೇ ಎತ್ತರವನ್ನು ಆಮೇಲಿನ ಚಿತ್ರಗಳ ಎತ್ತರದ ಜೊತೆ ಹೋಲಿಸಿದರು. 2019ರಲ್ಲಿ ಲೆಕ್ಕ ಹೊರಬಂತು. ಕರಗಿದ್ದನ್ನು ನೀರಾಗಿ ಎಣಿಸಿದರೆ, 1975ರಿಂದ 2000ದವರೆಗೆ ಸರಾಸರಿ ವರ್ಷಕ್ಕೆ ಸುಮಾರು 22 ಸೆಂಟಿಮೀಟರ್ ನಷ್ಟ. ಆಮೇಲೆ 2016ರವರೆಗೆ ವರ್ಷಕ್ಕೆ 43. ಹೆಚ್ಚುಕಡಿಮೆ ಎರಡು ಪಟ್ಟು.

ಕರಗಿದ ನೀರು ಕೆಲವೆಡೆ ಮೂತಿಯ ಮುಂದೆಯೇ ಕೆರೆಯಾಗಿ ನಿಲ್ಲುತ್ತದೆ. ಹಿಮಾಚಲದ ಘೇಪಾಂಗ್ ಘಾಟ್ ಕೆರೆ 1989ರಲ್ಲಿ 36 ಹೆಕ್ಟೇರ್ ಇತ್ತು. 2022ಕ್ಕೆ 101 ಹೆಕ್ಟೇರ್ ಆಗಿದೆ ಅಂತ ಇಸ್ರೋ ಉಪಗ್ರಹ ಚಿತ್ರಗಳಿಂದ ತೋರಿಸಿದೆ. ಅಂದರೆ 90 ಎಕರೆ ಇದ್ದದ್ದು 250 ಎಕರೆ. ಇಂಥ ಕೆರೆಗೆ ಕಟ್ಟೆ ಅಂದರೆ ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬ. ಸಿಕ್ಕಿಂನ ದಕ್ಷಿಣ ಲೊನಾಕ್ ಕೆರೆಯೂ ದಶಕಗಳಿಂದ ಹಿಗ್ಗುತ್ತಾ ಬಂದಿದ್ದು ಚಿತ್ರಗಳಲ್ಲಿ ಕಾಣುತ್ತಿತ್ತು. 2023ರ ಅಕ್ಟೋಬರ್ ಮೊದಲ ವಾರ ಒಂದು ರಾತ್ರಿ ಬದಿಯ ದಿಬ್ಬ ಕುಸಿದು ಕೆರೆಗೆ ಬಿತ್ತು. ಅಲೆ ಎದ್ದು ಕಟ್ಟೆ ಒಡೆಯಿತು. ಕೆಳಗಿನ ತೀಸ್ತಾ-3 ಅಣೆಕಟ್ಟು ಕೊಚ್ಚಿಹೋಯಿತು, ಎಷ್ಟೋ ಜನ ಸತ್ತರು.

ಮುಳುಗಡೆಯ ನೋವು ತಿಂದ ಊರಿನವನಾಗಿ ನನಗೆ ಆ ಸುದ್ದಿಯನ್ನು ಸುಮ್ನೆ ಓದಿ ಬಿಡಲು ಆಗಲಿಲ್ಲ. ಆಮೇಲಿಂದ ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಎರಡು ಜಾಗದ ಹೊಸ ಚಿತ್ರ ತೆಗೆದು ನೋಡುತ್ತೇನೆ. ಒಂದು ನಮ್ಮ ಹಿನ್ನೀರಿನದು, ಇನ್ನೊಂದು ಘೇಪಾಂಗ್ ಘಾಟ್‌ನದು. ಮೊದಲು ತಾರೀಖು, ಆಮೇಲೆ ಮೋಡ, ಆಮೇಲೆ ಅಂಚು.