ಕಟ್ಟಡಕ್ಕೆ 4210, ನರ್ಸ್‌ಗೆ 2210

ಕಾರವಾರದಿಂದ ಮಣಿಪಾಲಕ್ಕೆ 200 ಕಿಲೋಮೀಟರ್‌ಗೂ ಜಾಸ್ತಿ ದಾರಿ. ನಮ್ಮ ಕಡೆ ಯಾರಿಗಾದರೂ ತಲೆಗೆ ಪೆಟ್ಟು ಬಿದ್ದರೆ ಮನೆಯವರು ಮೊದಲು ಕೇಳೋದು, ‘ಮಣಿಪಾಲಕ್ಕೋ, ಗೋವಾಕ್ಕೋ?’ ಘಟ್ಟದ ಮೇಲೆ ಶಿರಸಿಯವರಾದರೆ ಹುಬ್ಬಳ್ಳಿ. 2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ದನಿ ಎತ್ತಿದ್ದು ಈ ಸಂಕಟದಿಂದಲೇ. ನ್ಯಾಯವಾದ ಬೇಡಿಕೆ. ಆದರೆ ಆಸ್ಪತ್ರೆಗೆ ದುಡ್ಡು ಹೇಗೆ ಬರುತ್ತದೆ ಅನ್ನೋದೂ ನಮಗೆ ಗೊತ್ತಿರಬೇಕು, ಅಲ್ವಾ?

ಬಜೆಟ್ ಪುಸ್ತಕದಲ್ಲಿ ಪ್ರತಿ ಖರ್ಚಿಗೂ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ಖರ್ಚಿಗೆ ಎರಡು: 2210 ಮತ್ತು 4210. ಮೊದಲ ಅಂಕಿ ನೋಡಿ. 4 ಇದ್ದರೆ ಬಂಡವಾಳ ವೆಚ್ಚ, ಅಂದರೆ ಕಟ್ಟಡದಂಥ ಆಸ್ತಿ. 2 ಇದ್ದರೆ ರಾಜಸ್ವ ವೆಚ್ಚ: ಸಂಬಳ, ಔಷಧಿ, ಕರೆಂಟ್ ಬಿಲ್. ಕಟ್ಟಡ ಒಮ್ಮೆ ಕಟ್ಟಿದರೆ ಮುಗೀತು. ಆದರೆ 2210ರ ದುಡ್ಡು ವರ್ಷವರ್ಷವೂ ಬೇಕು, ಪ್ರತಿ ಸಲವೂ ವಿಧಾನಮಂಡಲದ ಒಪ್ಪಿಗೆ ಪಡೆದು.

ಒಂದೇ ಒಂದು ಐಸಿಯು ಹಾಸಿಗೆ ತಗೊಳ್ಳಿ. ವೆಂಟಿಲೇಟರ್ ಮೇಲಿರುವ ರೋಗಿಯ ಪಕ್ಕ ಹಗಲೂ ರಾತ್ರಿ ಒಬ್ಬ ನರ್ಸ್ ಇರಬೇಕು. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ಒಬ್ಬರು ವಾರಕ್ಕೆ ಆರು ಪಾಳಿ ಮಾಡಿದರೂ ಮೂರೂವರೆ ಜನ ಬೇಕು. ರಜೆ, ಜ್ವರ, ಬಾಣಂತನ ಸೇರಿಸಿದರೆ ನಾಲ್ಕು ಜನಕ್ಕಿಂತ ಕಡಿಮೆ ಆಗೋದಿಲ್ಲ. ಹತ್ತು ಹಾಸಿಗೆಗೆ ನಲವತ್ತು ಸಂಬಳ, ಪ್ರತಿ ತಿಂಗಳೂ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಈ ಲೆಕ್ಕ ಬರೆದಿರೋದಿಲ್ಲ.

ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ರಾಜ್ಯದ ಹೊಣೆ. ಕೇಂದ್ರವೂ ಕೈ ಜೋಡಿಸುತ್ತದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ನಮ್ಮಂಥ ರಾಜ್ಯಕ್ಕೆ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. 2017ರ ರಾಷ್ಟ್ರೀಯ ಆರೋಗ್ಯ ನೀತಿ, ರಾಜ್ಯಗಳು ಬಜೆಟ್ಟಿನ ಶೇ 8ಕ್ಕಿಂತ ಜಾಸ್ತಿ ಆರೋಗ್ಯಕ್ಕೆ ಇಡಬೇಕು ಎಂದಿತ್ತು.

ಇನ್ನೊಂದು ತೊಡಕು, ತಲೆ ಎಣಿಕೆಯದ್ದು. ಬಯಲಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20,000ಕ್ಕೊಂದು ಅಂತ ನಿಯಮ. ಆ ರಿಯಾಯಿತಿ ಒಳ್ಳೆಯದೇ, ಆದರೆ ಸಾಲದು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ 14 ಲಕ್ಷ ಚಿಲ್ಲರೆ ಜನ, ನೆಲ 10,000 ಚದರ ಕಿಲೋಮೀಟರ್‌ಗೂ ಮಿಕ್ಕಿ. ಮುಕ್ಕಾಲು ಪಾಲು ಕಾಡು. 20,000 ಜನ ಅಂದರೆ ಇಲ್ಲಿ ಎಷ್ಟು ಹಳ್ಳ, ಎಷ್ಟು ತಿರುವು! ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವ ಆಂಬುಲೆನ್ಸಿನ ಡೀಸೆಲ್ಲು, ಅದರ ಚಾಲಕನ ರಾತ್ರಿ ಪಾಳಿ ತಲೆ ಎಣಿಕೆಯಲ್ಲಿ ಕಾಣೋದಿಲ್ಲ. ದಾರಿಯ ಉದ್ದವನ್ನೂ ಅಳೆದು ದುಡ್ಡು ಹಂಚಬೇಕು ಅನ್ನೋದು ನನ್ನ ಮಾತು. ಹಾಗಾಗಿ ಬಜೆಟ್ ಬಂದ ದಿನ ಹೊಸ ಆಸ್ಪತ್ರೆಯ ಸುದ್ದಿ ಓದಿದ ಮೇಲೆ, ನಾನು 2210ರ ಪುಟವನ್ನೂ ತೆಗೆದು ನೋಡುತ್ತೇನೆ.